ಸಾಹೇಬರು ಕೊಟ್ಟ ಗ್ಲಾಸಿಗೆ ‘ಒಲ್ಲೆ’ ಅನ್ನೋದು ಹೆಂಗ?

ನಮ್ಮ ಕಡೆ ಆಫೀಸ್ ಪಾರ್ಟಿಯಲ್ಲಿ ಕುಡಿಯದೆ ಪಾರಾಗುವುದಕ್ಕೆ ನಾಲ್ಕೇ ದಾರಿ. ಕೊರಳಲ್ಲಿ ಪಂಢರಪುರದ ತುಳಸಿ ಮಾಲೆ ಇರಬೇಕು. ಇಲ್ಲಾ ಅಯ್ಯಪ್ಪನ ಮಾಲೆ ಹಾಕಿರಬೇಕು. ಡಿಸೆಂಬರಿನಲ್ಲಿ ಇದು ಬಹಳ ಅನುಕೂಲ. ಅದೂ ಇಲ್ಲದಿದ್ದರೆ ಅವತ್ತು ಸೋಮವಾರವೋ ಅಮಾವಾಸ್ಯೆಯೋ ಆಗಿರಬೇಕು. ಕೊನೆಯದು, ‘ಡಾಕ್ಟರ್ ಗುಳಗಿ ಕೊಟ್ಟಾರ್ರೀ’ ಅಂತ ಹೇಳಿ ಜೇಬಿನಿಂದ ಚೀಟಿ ತೆಗೆದು ತೋರಿಸಬೇಕು. ಈ ಯಾವುದೂ ಇಲ್ಲದೆ ಬರೀ ‘ನಂಗ ಬ್ಯಾಡ್ರಿ’ ಅಂದರೆ ಅದನ್ನು ಯಾರೂ ಉತ್ತರ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ‘ಯಾಕಲೇ, ಗಂಡಸ ಹೌದಿಲ್ಲೋ?’ ಅಂತ ಒಬ್ಬರು ಶುರು ಮಾಡುತ್ತಾರೆ. ‘ಸಾಹೇಬ್ರು ಕೈಯಾರೆ ಕೊಡಾಕತ್ತಾರ, ಒಲ್ಲೆ ಅಂದ್ರ ಚಲೋ ಕಾಣಂಗಿಲ್ಲ ತಮ್ಮಾ’ ಅಂತ ಇನ್ನೊಬ್ಬರು ಮುಗಿಸುತ್ತಾರೆ.

ದೇವರ ಹೆಸರು ಹೇಳಿದರೆ ಬಿಡುತ್ತಾರೆ, ಡಾಕ್ಟರ ಹೆಸರು ಹೇಳಿದರೆ ಬಿಡುತ್ತಾರೆ. ನಮ್ಮದೇ ಹೆಸರಿನಲ್ಲಿ ಬೇಡ ಅಂದರೆ ಬಿಡುವುದಿಲ್ಲ. ಯಾಕೆ ಹೀಗೆ ಅನ್ನುವುದು ನನ್ನ ತಲೆ ಕೊರೆಯುತ್ತಿದ್ದ ಹೊತ್ತಿಗೇ ನಮ್ಮ ಆಫೀಸಿನಲ್ಲಿ ಪಾರ್ಟಿಗೊಂದು ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಗೋಕಾಕದ ಒಂದು ಹಣಕಾಸು ಸಂಸ್ಥೆಯಲ್ಲಿ ಗುಮಾಸ್ತ. ವಯಸ್ಸು 26. ಸಂಸ್ಥೆಯ ಹೆಸರು ಬೇಡ. ಹೆಡ್ ಆಫೀಸು ಗೋಕಾಕದಲ್ಲಿ, ಶಾಖೆಗಳು ಮೂಡಲಗಿಯಲ್ಲಿ ಮತ್ತು ಹುಕ್ಕೇರಿಯಲ್ಲಿ. ಪಿಗ್ಮಿ ಏಜೆಂಟರನ್ನೂ ಸೇರಿಸಿದರೆ ಒಟ್ಟು 34 ಜನ. ನಿಯಮ ಬರೆಯಲು ನನ್ನನ್ನೇ ಆರಿಸಿದ್ದಕ್ಕೆ ದೊಡ್ಡ ಕಾರಣವೇನಿಲ್ಲ, ಆಫೀಸಿನಲ್ಲಿ ಕನ್ನಡ ಟೈಪಿಂಗ್ ಸರಿಯಾಗಿ ಬರುವವನು ನಾನೊಬ್ಬನೇ. ಬೆಂಗಳೂರಿನ ಕಂಪನಿಗಳಲ್ಲಿ ಇದಕ್ಕೆಲ್ಲ ಎಚ್‌ಆರ್ ಅಂತ ಬೇರೆ ವಿಭಾಗವೇ ಇರುತ್ತದೆ. ನಮ್ಮಲ್ಲಿ ಎಚ್‌ಆರ್ ಅಂದರೆ ಒಂದು ಹಾಜರಿ ಪುಸ್ತಕ, ಅದನ್ನು ಟ್ರೆಜರಿಯಲ್ಲಿಟ್ಟು ಬೀಗ ಹಾಕುವ ಒಬ್ಬ ಕಾಕಾ.

ವರ್ಷಕ್ಕೆ ನಮ್ಮದು ಮೂರು ಕೂಟ. ದೀಪಾವಳಿಯ ಲಕ್ಷ್ಮೀಪೂಜೆಗೆ ಮೂರೂ ಊರಿನವರು ಮನೆಮಂದಿ ಸಮೇತ ಬರುತ್ತಾರೆ. ಖಾತೆಪುಸ್ತಕದ ಜೊತೆ ಈಗ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ, ಹೋಗುವಾಗ ಕೈಗೊಂದು ಕರದಂಟಿನ ಡಬ್ಬಿ. ಅಲ್ಲಿ ತಕರಾರಿನ ಮಾತೇ ಇಲ್ಲ. ಇನ್ನೆರಡು ಬೇರೆ ಥರದವು. ಒಂದು ಮಾರ್ಚ್ ಎಂಡಿಂಗ್ ಮುಗಿದ ಮೇಲಿನದು, ಇನ್ನೊಂದು ಎಲ್ಲರ ಬಾಯಲ್ಲೂ ‘ಥರ್ಟಿಫಸ್ಟ್’ ಆಗಿರುವ ಡಿಸೆಂಬರ್ 31ರದು. ಇವಕ್ಕೆ ಮನೆಮಂದಿಗೆ ಆಮಂತ್ರಣವಿಲ್ಲ. ಸಾಹೇಬರ ಖರ್ಚು, ಯಾವುದಾದರೊಂದು ಧಾಬಾ ಇಲ್ಲವೇ ಪರಿಚಯದವರ ತೋಟದ ಮನೆ. ಶುರು ರಾತ್ರಿ ಎಂಟಕ್ಕೆ. ಮುಗಿಯುವುದು ಎಷ್ಟಕ್ಕೆ ಅಂತ ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಹಂಗಾಮಿನ ನಡುವಿನ ರಾತ್ರಿ

ಬೇರೆ ಊರಿನವರಿಗೆ ಥರ್ಟಿಫಸ್ಟ್ ಬರೀ ಒಂದು ತಾರೀಖು. ನಮಗೆ ಅದು ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ ಬರುವ ರಾತ್ರಿ. ನವೆಂಬರಿನಲ್ಲಿ ಶುರುವಾದರೆ ಫೆಬ್ರುವರಿ, ಮಾರ್ಚ್ ತನಕ ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರದ ಯಾವ ರಸ್ತೆ ಹಿಡಿದರೂ ಕಬ್ಬಿನ ಟ್ರ್ಯಾಕ್ಟರು. ಒಂದು ಇಂಜಿನ್ನಿಗೆ ಎರಡು ಟ್ರೇಲರ್. ಹಿಂದೆ ಜೋತುಬಿದ್ದ ಸೋಗೆಯಲ್ಲಿ ಕೆಂಪು ದೀಪ, ರಿಫ್ಲೆಕ್ಟರ್ ಎಲ್ಲ ಮುಚ್ಚಿ ಹೋಗಿರುತ್ತವೆ, ಇದ್ದರೆ. ಟೈರು ಒಡೆದರೆ ರಸ್ತೆಯ ಮೇಲೇ ನಿಲ್ಲಿಸಿ, ಹಿಂದೆ ನಾಲ್ಕು ಕಲ್ಲಿಟ್ಟು, ಡ್ರೈವರ್ ಜಾಕ್ ಹುಡುಕಿಕೊಂಡು ಹೋಗಿರುತ್ತಾನೆ. ಎಚ್ಚರ ಇದ್ದವರಿಗೇ ಅದು ಹತ್ತಿರ ಬರುವ ತನಕ ಕಾಣುವುದಿಲ್ಲ.

ಎರಡು ವರ್ಷದ ಹಿಂದಿನ ಥರ್ಟಿಫಸ್ಟ್ ರಾತ್ರಿ ಮೂಡಲಗಿ ಶಾಖೆಯ ಪಿಗ್ಮಿ ಏಜೆಂಟ್ ಒಬ್ಬ ಪಾರ್ಟಿ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಟಿದ್ದ. ಲೋಳಸೂರ ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಹೀಗೇ ನಿಂತಿದ್ದ ಟ್ರೇಲರಿಗೆ ಹಿಂದಿನಿಂದ ಗುದ್ದಿದ. ತೊಡೆಯ ಎಲುಬು ಮುರಿಯಿತು, ರಾಡ್ ಹಾಕಿದರು. ಆಗ ಅವನಿಗೆ 23. ನಾನು ಆಗಿನ್ನೂ ಈ ಸಂಸ್ಥೆ ಸೇರಿರಲಿಲ್ಲ, ಇದನ್ನೆಲ್ಲ ಅವನ ಬಾಯಿಂದಲೇ ಕೇಳಿದ್ದು. ಪಿಗ್ಮಿ ಕೆಲಸ ಅಂದರೆ ದಿನಾ ಅಂಗಡಿಯಿಂದ ಅಂಗಡಿಗೆ ತಿರುಗಿ ನೂರು, ಐವತ್ತು ಕೂಡಿಸುವುದು. ಪಗಾರ ಇಲ್ಲ, ಬರೀ ಕಮಿಷನ್. ಕಾಲು ನಿಂತರೆ ಆದಾಯವೂ ನಿಂತಿತು. ಏಳು ತಿಂಗಳು ಅವನ ತಂಗಿ ಆ ಲೈನ್ ನೋಡಿಕೊಂಡಳು.

ಅವನು ಹೇಳಿದ್ದರಲ್ಲಿ ನನಗೆ ಮರೆಯಲಾಗದ್ದು ಅಪಘಾತದ ವಿವರವಲ್ಲ. ‘ನಾ ಮೂರ ಸಲ ಬ್ಯಾಡ ಅಂದೆ ಅಣ್ಣಾ. ನಾಕನೇ ಸಲ ಸಾಹೇಬ್ರ ತಾವ ಎದ್ದ ಬಂದ ಗ್ಲಾಸ್ ಕೈಯಾಗ ಇಟ್ರು. ಅವತ್ತ ನನ್ನ ಲೈನ್ ದೊಡ್ಡದ ಮಾಡಿ ಕೊಡ್ತೀನಿ ಅಂತ ಬ್ಯಾರೆ ಹೇಳಿದ್ರು. ಹೆಂಗ ಒಲ್ಲೆ ಅನ್ನಲಿ?’

ಆಸ್ಪತ್ರೆಯ ಖರ್ಚಿಗೆ ಸಾಹೇಬರು ಸ್ವಂತ ಜೇಬಿನಿಂದ ಒಂದಿಷ್ಟು ಕೊಟ್ಟರು, ಅದನ್ನು ಇಲ್ಲ ಅನ್ನುವುದಿಲ್ಲ. ಸಿಬ್ಬಂದಿ ಪಟ್ಟಿ ಎತ್ತಿದರು. ಆದರೆ ಆಫೀಸಿನ ಕಡೆಯಿಂದ ಬಂದ ಉತ್ತರ ಒಂದೇ: ಅದು ಡ್ಯೂಟಿ ಟೈಮ್ ಅಲ್ಲ. ಕಾನೂನಿನ ಪುಸ್ತಕ ತೆಗೆದರೂ ಅವನಿಗೆ ದೊಡ್ಡ ಆಸರೆ ಸಿಗುತ್ತಿರಲಿಲ್ಲ. ಅಪಘಾತ ನೇರವಾಗಿ ಕುಡಿತದಿಂದ ಆದದ್ದಾದರೆ, ಸಾವೋ ಶಾಶ್ವತ ಪೂರ್ಣ ಅಂಗವೈಕಲ್ಯವೋ ಆಗದ ಹೊರತು ಮಾಲೀಕ ಪರಿಹಾರ ಕೊಡಬೇಕಿಲ್ಲ ಅನ್ನುವುದು 1923ರ ಪರಿಹಾರ ಕಾಯ್ದೆಯ ಕಾಲದಿಂದ ಬಂದ ಮಾತು. ಬೈಕಿನ ವಿಮೆಯವರೂ ಕುಡಿದು ಓಡಿಸಿದ್ದು ಅಂತ ಗೊತ್ತಾದರೆ ಗಾಡಿ ರಿಪೇರಿಗೆ ದುಡ್ಡು ಕೊಡುವುದಿಲ್ಲ. ಅಂದರೆ ಕುಡಿಸಿದವರ ಲೆಕ್ಕ ಯಾವ ಕಾಗದದಲ್ಲೂ ಬರುವುದಿಲ್ಲ, ಕುಡಿದವನ ಲೆಕ್ಕ ಎಲ್ಲ ಕಾಗದದಲ್ಲೂ ಬರುತ್ತದೆ.

ಒಂದ ಪೆಗ್ಗಿನ ಲೆಕ್ಕ

‘ಒಂದ ಪೆಗ್ಗಿಗೆ ಏನಾಗ್ತೈತಿ’ ಅನ್ನುವವರಿಗಾಗಿ ಒಂದು ಲೆಕ್ಕ ಹಾಕಿದೆ, ಹೇಗೂ ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು. ಗಾಡಿ ಓಡಿಸುವವರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿಲಿಗ್ರಾಂ ಆಲ್ಕೋಹಾಲ್ ಅನ್ನುವುದು ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮು ಸಾಮಾನ್ಯವಾಗಿ ಶೇ 42.8ರದು. 60 ಮಿ.ಲೀ.ಯ ಒಂದು ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 70 ಕಿಲೋ ತೂಗುವ ಗಂಡಸು ಖಾಲಿ ಹೊಟ್ಟೆಯಲ್ಲಿ ಅಷ್ಟು ಕುಡಿದರೂ ಮಿತಿ ದಾಟಬಹುದು. ‘ನಂದು ಬರೇ ಬಿಯರ್ರಿ’ ಅನ್ನುವವರ ಲೆಕ್ಕ ಇನ್ನೂ ಮಜಾ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್, ಅಂದರೆ ಎರಡು ದೊಡ್ಡ ಪೆಗ್ಗು. ಅದನ್ನು ನಮ್ಮ ಲಿವರ್ ತಾಸಿಗೆ 7ರಿಂದ 10 ಗ್ರಾಂ ಲೆಕ್ಕದಲ್ಲಿ ಮಾತ್ರ ಕರಗಿಸುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಲೆಮೇಲೆ ತಣ್ಣೀರು, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಬಾಟಲಿ ಮುಗಿಸಿದವನ ಮೈಯಲ್ಲಿ ನಸುಕಿನ ಮೂರಕ್ಕೂ ಅದು ಇರುತ್ತದೆ.

ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ನಮ್ಮ ಸಿಪಾಯಿ ಅಣ್ಣನ ಒಂದು ತಿಂಗಳ ಪಗಾರವೇ ಅಷ್ಟಿದೆ.

ಜಾಗದ ಪ್ರಶ್ನೆಯೂ ಸಣ್ಣದಲ್ಲ. ಸನ್ನದು ಇಲ್ಲದ ಧಾಬಾದಲ್ಲಿ ಕುಡಿಯಲು ಕೂರಿಸುವುದು ಅಬಕಾರಿ ಕಾನೂನಿನಲ್ಲಿ ಅಪರಾಧ. ಸಮಾರಂಭದಲ್ಲಿ ಮದ್ಯ ಕೊಡಬೇಕಾದರೆ ಸಿಎಲ್-5 ಅನ್ನುವ ಸಾಂದರ್ಭಿಕ ಸನ್ನದು ತೆಗೆಯಬೇಕು. ನಮ್ಮ ಕಡೆ ಆ ಹೆಸರು ಕೇಳಿದವರೇ ಕಡಿಮೆ. 21 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ನಮ್ಮಲ್ಲಿ ಪಿಯುಸಿ ಮುಗಿಸಿ ಬಂದ 19ರ ಹುಡುಗನೊಬ್ಬ ಇದ್ದಾನೆ, ಕಳೆದ ಥರ್ಟಿಫಸ್ಟಿಗೆ ಸೋಡಾ ತರುವ ಕೆಲಸ ಅವನದೇ ಆಗಿತ್ತು. ಗಾಂಜಾದ ಮಾತಂತೂ ಬೇರೆಯೇ. ಅದಕ್ಕೆ ಒಂದು ಪೆಗ್ಗು, ಎರಡು ಪೆಗ್ಗು ಅನ್ನುವ ಮಿತಿಯೇ ಇಲ್ಲ, ಸೇದುವುದೂ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ. 1985ರ ಮಾದಕ ವಸ್ತು ಕಾಯ್ದೆಯ 25ನೇ ಕಲಮು ಓದಿ ನಮ್ಮ ಮ್ಯಾನೇಜರ್ ಬೆವತರು: ಗೊತ್ತಿದ್ದೂ ತನ್ನ ಮನೆ, ಕೋಣೆ, ಆವರಣವನ್ನು ಅದಕ್ಕೆ ಬಳಸಲು ಬಿಟ್ಟವನಿಗೂ ಅದೇ ಶಿಕ್ಷೆ. ತೋಟದ ಮನೆ ಬುಕ್ ಆಗುತ್ತಿದ್ದದ್ದು ಅವರ ಹೆಸರಿನಲ್ಲೇ. ಕರಡಿನಲ್ಲಿ ಯಾರೂ ತಕರಾರು ತೆಗೆಯದ ಒಂದೇ ಸಾಲು ಇದು.

ನಡುವೆ ಕೆಲವು ಹುಡುಗರು ‘ಗೊಡಚಿನಮಲ್ಕಿಗೆ ಹೋಗೋಣು, ಇಲ್ಲಾ ಹಿಡಕಲ್ ಡ್ಯಾಂ ಹಿನ್ನೀರಿಗೆ’ ಅಂದರು. ನೀರು, ಬಂಡೆ, ಬಾಟಲಿ ಮೂರನ್ನೂ ಒಂದೇ ಕಡೆ ಕೂಡಿಸುವ ಐಡಿಯಾ ಎಷ್ಟು ಕೆಟ್ಟದ್ದು ಅಂತ ಹೇಳಲು ನನಗೆ ಯಾವ ಕಾಯ್ದೆಯೂ ಬೇಕಾಗಲಿಲ್ಲ.

ಕುಡಿದ ಮೇಲೂ ಸಾಹೇಬರೇ

ಇಷ್ಟೆಲ್ಲ ಓದುವಾಗ ಇಂಗ್ಲೆಂಡಿನ ಒಂದು ಕೇಸು ಸಿಕ್ಕಿತು. ನಾರ್ಥಾಂಪ್ಟನ್ ಅನ್ನುವ ಊರಿನ ಒಂದು ಸಣ್ಣ ಕಂಪನಿ, 2011ರ ಕ್ರಿಸ್‌ಮಸ್ ಪಾರ್ಟಿ. ಪಾರ್ಟಿ ಮುಗಿದ ಮೇಲೆ ಕೆಲವರು ಹೋಟೆಲಿಗೆ ಹೋಗಿ ಮತ್ತೆ ಕುಡಿಯುತ್ತ ಕೂತರು. ನಡುರಾತ್ರಿ ದಾಟಿದ ಮೇಲೆ ಮಾತು ಆಫೀಸಿನ ಕಡೆ ತಿರುಗಿತು. ‘ಇಲ್ಲಿ ನಿರ್ಧಾರ ಮಾಡೋನು ನಾನು’ ಅನ್ನುವ ಧಾಟಿಯಲ್ಲಿ ಕೂಗಾಡಿದ ಆಡಳಿತ ನಿರ್ದೇಶಕ, ಪ್ರಶ್ನೆ ಕೇಳಿದ ನೌಕರನಿಗೆ ಗುದ್ದಿದ. ಆತ ಬಿದ್ದು ಮಿದುಳಿಗೆ ಪೆಟ್ಟಾಯಿತು. ಅದು ಪಾರ್ಟಿಯೂ ಅಲ್ಲ, ಪಾರ್ಟಿಯ ನಂತರದ ಖಾಸಗಿ ಕುಡಿತ ಅಂತ ಕಂಪನಿ ವಾದಿಸಿತು. 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಆ ಹೊತ್ತಿನಲ್ಲೂ ಆತ ಮಾತಾಡುತ್ತಿದ್ದದ್ದು ಯಜಮಾನನ ಅಧಿಕಾರದಿಂದಲೇ, ಹಾಗಾಗಿ ಕಂಪನಿ ಹೊಣೆ ಅಂದಿತು.

ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನನ್ನ ತಲೆಯಲ್ಲಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಎದುರಿಗಿರುವವರು ಗೆಳೆಯನಾದರೆ ‘ಒಲ್ಲೆ ಹೋಗೋ’ ಅಂತ ಬೈದು ತಪ್ಪಿಸಿಕೊಳ್ಳಬಹುದು. ಗ್ಲಾಸು ಕೊಡುವ ಕೈಯೇ ನಾಳೆ ಲೈನು ಹಂಚುವ ಕೈ, ವರ್ಗಾವಣೆಗೆ ಸಹಿ ಹಾಕುವ ಕೈ ಆದಾಗ ಅದು ಉಪಚಾರವಾಗಿ ಉಳಿಯುವುದಿಲ್ಲ, ಆರ್ಡರ್ ಆಗುತ್ತದೆ. ಸಾಹೇಬರಿಗೆ ಹಾಗೆ ಅನ್ನಿಸದೇ ಇರಬಹುದು. ಅವರು ಪ್ರೀತಿಯಿಂದಲೇ ಕೊಡುತ್ತಾರೆ, ಅದು ನನಗೂ ಗೊತ್ತು.

ಇದರ ಇನ್ನೊಂದು ಮಗ್ಗುಲು ನಮ್ಮ ಹುಕ್ಕೇರಿ ಶಾಖೆಯ ಅಕ್ಕನಿಂದ ತಿಳಿಯಿತು. ಅಲ್ಲಿ ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ‘ನಿಮ್ಮ ಪಾರ್ಟಿ ಅಂದ್ರ ನಮಗ ಒಂದ ಫೋಟೊ, ಒಂದ ಬಾಟ್ಲಿ ಥಮ್ಸ್‌ಅಪ್ಪು, ಆಮ್ಯಾಲೆ ಘಟಪ್ರಭಾ ಬಸ್ಸು. ಮರುದಿನ ಬಂದ್ರ ಯಾರಿಗೆ ಯಾವ ಕೌಂಟರ್ ಅಂತ ಎಲ್ಲಾ ಠರಾವ್ ಆಗಿರ್ತೈತಿ’ ಅಂದರು. ಸುಳ್ಳಲ್ಲ. ಕಳೆದ ವರ್ಷ ಸೀನಿಯರ್ ಹುದ್ದೆ ಯಾರಿಗೆ ಅನ್ನುವ ಮಾತು ನಡೆದದ್ದು ರಾತ್ರಿ ಹತ್ತರ ಮೇಲೆ, ಧಾಬಾದ ಹಿಂದಿನ ಮೇಜಿನಲ್ಲಿ. ಆ ಅಕ್ಕನಿಗೆ ಹನ್ನೊಂದು ವರ್ಷದ ಸರ್ವಿಸ್ ಇದೆ. ಹುದ್ದೆ ಸಿಕ್ಕಿದ್ದು ನಾಲ್ಕು ವರ್ಷದವನಿಗೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲೇ ಬಂದಿದೆ. ಕೆಲಸದ ನಿಮಿತ್ತ ನೌಕರರು ಹೋಗುವ ಜಾಗ, ಸಂಸ್ಥೆ ಕೊಡುವ ಗಾಡಿ ಕೂಡ ಅದರ ಪ್ರಕಾರ ಕೆಲಸದ ಸ್ಥಳವೇ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ನಮ್ಮಲ್ಲಿ ಸಮಿತಿಯ ಹೆಸರುಗಳ ಹಾಳೆ ಇದೆ. ಥರ್ಟಿಫಸ್ಟಿನ ರಾತ್ರಿಯೂ ಅದು ಅನ್ವಯಿಸುತ್ತದೆ ಅನ್ನುವುದು ಹಾಳೆಯಲ್ಲಿದ್ದವರಿಗೇ ಹೊಸ ಸುದ್ದಿ.

ಮತ್ತೊಬ್ಬರು ಗೋಕಾಕ ಆಫೀಸಿನ ಹಿರಿಯರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರದಲ್ಲಿ ಕೂತು ಕುಡಿತ ಬಿಟ್ಟವರು. ಬಿಟ್ಟು ಮೂರು ವರ್ಷವಾಯಿತು. ಪಾರ್ಟಿಯ ದಿನ ಅವರಿಗೆ ತಪ್ಪದೆ ಜ್ವರ ಬರುತ್ತದೆ. ಮೊದಲು ನಾವೆಲ್ಲ ಅದನ್ನು ಜೋಕು ಅಂದುಕೊಂಡಿದ್ದೆವು. ‘ಬಾಟ್ಲಿ ನೋಡಿದ್ರ ಅಂಜಿಕಿ ಇಲ್ಲ ತಮ್ಮಾ. ಒಂದ ಗುಟುಕಿಗೆ ಏನಾಗ್ತೈತಿ ಅನ್ನೋ ಮಂದಿದ ಅಂಜಿಕಿ’ ಅಂತ ಅವರು ಒಂದು ದಿನ ಚಹಾದ ಹೊತ್ತಿನಲ್ಲಿ ಹೇಳಿದರು. ಬಿಡಬೇಕೆನ್ನುವವರಿಗೆ 14446 ಅನ್ನುವ ವ್ಯಸನಮುಕ್ತಿ ಸಹಾಯವಾಣಿ, ಮನಸ್ಸಿನ ತೊಂದರೆಗೆ 14416ರ ಟೆಲಿ ಮಾನಸ್ ಇವೆ, ಎರಡನ್ನೂ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ. ಆದರೆ ಮೂರು ವರ್ಷದಿಂದ ಬಿಟ್ಟವರನ್ನು ಒಂದು ರಾತ್ರಿ ಬಿಟ್ಟುಬಿಡುವುದಕ್ಕೆ ಸಹಾಯವಾಣಿ ಬೇಕೇ?

ಪೂರಾ ಬಂದ್ ಮಾಡಿದರೆ?

‘ಎಲ್ಲಾ ಬಂದ್ ಅಂತ ಒಂದ ಲೈನ್ ಬರಿ, ಮುಗೀತು’ ಅಂದವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮ ಜಿಲ್ಲೆ 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು, ಅಲ್ಲಿನ 1949ರ ಪಾನನಿಷೇಧ ಕಾಯ್ದೆ ಇಲ್ಲಿಗೂ ಇತ್ತು. ಆ ಕಾಲ ಕಂಡಿದ್ದ ನಮ್ಮಜ್ಜ, ನಿಷೇಧ ಇದ್ದಾಗ ಕಬ್ಬಿನ ಗದ್ದೆಯಲ್ಲಿ ಏನೇನು ಕುದಿಯುತ್ತಿತ್ತು ಅನ್ನುವುದನ್ನು ನಕ್ಕೊಂತ ಹೇಳುತ್ತಿದ್ದ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು; ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ಮದ್ಯದ ಸಣ್ಣ ಪಾಕೀಟು ಬಂತು. ನಮ್ಮ ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆ ಆದ ಮೇಲೆ ಉಳಿಯುವ ಕಾಕಂಬಿಯಿಂದಲೇ ಸ್ಪಿರಿಟ್ ತಯಾರಾಗುತ್ತದೆ, ಒಂದು ಪಾಲು ಪೆಟ್ರೋಲಿಗೆ ಸೇರುವ ಎಥೆನಾಲ್ ಆಗುತ್ತದೆ, ಇನ್ನೊಂದು ಪಾಲು ಬಾಟಲಿಗೆ ಹೋಗುತ್ತದೆ. ಅಂಥ ನಾಡಿನಲ್ಲಿ ಕೂತು ಒಂದು ಸುತ್ತೋಲೆಯಿಂದ ಕುಡಿತ ನಿಲ್ಲಿಸುತ್ತೇನೆ ಅಂದರೆ ಜನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಗಡಿಬಿಡಿಯಲ್ಲಿ ಮುಗಿಸಿ ಬರುತ್ತಾರೆ, ಅಷ್ಟೇ.

ಹಾಗಾಗಿ ಮಾರ್ಚಿನಲ್ಲಿ ಒಂದು ಪ್ರಯೋಗ ಮಾಡಿ ನೋಡಿದೆವು. ಪಾರ್ಟಿಯನ್ನು ರಾತ್ರಿಯಿಂದ ಮಧ್ಯಾಹ್ನದ ಊಟಕ್ಕೆ ತಂದೆವು, ರವಿವಾರ, ಗೋಕಾಕದಲ್ಲೇ. ಖಡಕ್ ರೊಟ್ಟಿ, ಎಣ್ಣೆಗಾಯಿ, ತಿನ್ನುವವರಿಗೆ ಮಟನ್, ಮೇಲೆ ಕರದಂಟು. ಬಾಟಲಿಗೆ ಆಗುತ್ತಿದ್ದ ಖರ್ಚಿನಲ್ಲಿ ಎರಡು ಟೆಂಪೊ ಟ್ರಾವೆಲರ್ ಮಾಡಿದೆವು, ಒಂದು ಮೂಡಲಗಿಗೆ, ಒಂದು ಹುಕ್ಕೇರಿಗೆ. ಹುಕ್ಕೇರಿಯ ಇಬ್ಬರೂ ಕೊನೆಯ ತನಕ ಇದ್ದರು. ಅಂತ್ಯಾಕ್ಷರಿಯಲ್ಲಿ ಗೋಕಾಕದವರನ್ನು ಸೋಲಿಸಿ, ಸೋತವರ ಕೈಲಿ ತಾಟು ಎತ್ತಿಸಿದರು. ಆ ಹಿರಿಯರಿಗೆ ಜ್ವರ ಬರಲಿಲ್ಲ. ಸಂಜೆ ಐದು ಮಂದಿ ತಮ್ಮ ದುಡ್ಡಿನಲ್ಲಿ ಬಾರಿಗೆ ಹೋದರು ಅನ್ನುವುದೂ ನಿಜ. ಹೋಗಲಿ. ಅವರು ತಾವಾಗಿ ಹೋದರು, ಯಾರೂ ಕರೆದುಕೊಂಡು ಹೋಗಲಿಲ್ಲ, ಹೋಗದವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಈ ಥರ್ಟಿಫಸ್ಟಿಗೆ ರಾತ್ರಿಯೇ ಬೇಕು ಅಂತ ಬಹುಮತ ಆಗಿದೆ. ಕೇಕ್ ಕತ್ತರಿಸಲು ಹನ್ನೆರಡೇ ಆಗಬೇಕಂತೆ. ಹಾಗಾಗಿ ಕರಡು ಸ್ವಲ್ಪ ಬಿಗಿಯಾಗಿದೆ. ಸನ್ನದು ಇರುವ ಹೋಟೆಲಿನಲ್ಲೇ ಕೂಟ. ಸಂಸ್ಥೆಯ ದುಡ್ಡು ಊಟಕ್ಕೆ ಮತ್ತು ಗಾಡಿಗೆ ಮಾತ್ರ, ಕುಡಿಯುವವರು ಬಿಲ್ಲು ತಾವೇ ಕಟ್ಟಬೇಕು. ಊಟ ಎಂಟೂವರೆಗೇ ಮೇಜಿಗೆ ಬರಬೇಕು, ಹನ್ನೊಂದಾದರೂ ಬರೀ ಶೇಂಗಾ, ಖಾರಾ ತಿನ್ನುತ್ತ ಕೂರುವಂತಿಲ್ಲ. ಬೈಕಿನಲ್ಲಿ ಬಂದವರು ಬಾಗಿಲಲ್ಲೇ ಕೀಲಿ ಕೊಡಬೇಕು. ಕುಡಿದವರ ಕೀಲಿ ಮರುದಿನ ಆಫೀಸಿನಲ್ಲಿ ಸಿಗುತ್ತದೆ. ವರ್ಗಾವಣೆ, ಲೈನು, ಬಡ್ತಿಯ ಮಾತು ಅಲ್ಲಿ ಆಡುವಂತಿಲ್ಲ, ಆಡಿದರೂ ಅದು ಲೆಕ್ಕಕ್ಕಿಲ್ಲ. ಕೀಲಿ ಇಸಿದುಕೊಳ್ಳುವವರು ಯಾರು ಅನ್ನುವುದಕ್ಕೆ ಎರಡು ದಿನ ಜಗಳ ನಡೆಯಿತು. ಕೊನೆಗೆ ಮೂಡಲಗಿಯ ಆ ಪಿಗ್ಮಿ ಏಜೆಂಟನೇ ‘ನಾ ಕುಂದರ್ತೀನಿ ಬಾಗಲದಾಗ, ನನಗ ಯಾರ ಇಲ್ಲ ಅಂತಾರ ನೋಡೋಣು’ ಅಂದ. ಅವನು ಈಗಲೂ ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿಯುತ್ತಾನೆ.

ಕರಡಿನ ಎಂಟನೆಯ ಸಾಲು ಹೀಗಿತ್ತು: ‘ಅಧ್ಯಕ್ಷರಾಗಲಿ, ವ್ಯವಸ್ಥಾಪಕರಾಗಲಿ ಸಿಬ್ಬಂದಿಗೆ ತಮ್ಮ ಕೈಯಿಂದ ಮದ್ಯ ಕೊಡಬಾರದು, ಕುಡಿಯಲು ಹೇಳಬಾರದು.’ ಶುಕ್ರವಾರ ಕಾಗದ ಸಾಹೇಬರ ಮೇಜಿನಿಂದ ವಾಪಸ್ ಬಂತು. ಉಳಿದ ಎಲ್ಲ ಸಾಲಿಗೂ ಹಸಿರು ಶಾಯಿಯ ಸಹಿ ಬಿದ್ದಿದೆ. ಎಂಟನೆಯದಕ್ಕೆ ಅಡ್ಡಗೆರೆ ಎಳೆದಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ಸೋಮವಾರ ಬಂದು ಭೇಟಿಯಾಗು’ ಅಂತ ಬರೆದಿದ್ದಾರೆ. ಹುಕ್ಕೇರಿಯ ಅಕ್ಕ ‘ನಾನೂ ಬರ್ತೀನಿ ತಡಿ’ ಅಂದಿದ್ದಾರೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಘಟಪ್ರಭಾ ಬಸ್ಸಿಗೆ ಅವರು ಬರುತ್ತಾರೆ, ಇಬ್ಬರೂ ಕೂಡಿಯೇ ಒಳಗೆ ಹೋಗುತ್ತೇವೆ.